ಇಲಿಮರಿಯ ತೂಕ ಯಾರ ಲೆಕ್ಕಕ್ಕೆ?

ಹುಟ್ಟಿ ಕೆಲವೇ ಗಂಟೆಯಾದ ಇಲಿಮರಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಹೊಟ್ಟೆ. ಮೈಮೇಲೆ ಕೂದಲಿಲ್ಲ. ಚರ್ಮ ಎಷ್ಟು ತೆಳು ಅಂದರೆ, ಕುಡಿದ ಹಾಲು ಹೊರಗಿನಿಂದಲೇ ಬಿಳಿ ಮಚ್ಚೆಯ ಹಾಗೆ ಕಾಣುತ್ತದೆ. ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವವರು ಬೆಳಿಗ್ಗೆ ಬಂದು ಹುಡುಕುವುದು ಆ ಮಚ್ಚೆಯನ್ನೇ. ಇದ್ದರೆ ತಾಯಿ ಹಾಲು ಕೊಡುತ್ತಿದೆ ಅಂತ ಸಮಾಧಾನ. ಆಮೇಲೆ ತಕ್ಕಡಿ: ಸುಮಾರು ಒಂದೂಕಾಲರಿಂದ ಒಂದೂವರೆ ಗ್ರಾಂ. ಮೂರು ವಾರಕ್ಕೆ, ಹಾಲು ಬಿಡಿಸುವ ಹೊತ್ತಿಗೆ, ಹತ್ತು ಗ್ರಾಂ ಆಸುಪಾಸು.

ಈ ತೂಕವನ್ನು ಯಾರ ಲೆಕ್ಕಕ್ಕೆ ಬರೆಯಬೇಕು? ಅಂಡ ಕೊಟ್ಟ ತಾಯಿಯದ್ದಾ, ಹೊತ್ತ ತಾಯಿಯದ್ದಾ, ಹಾಲೂಡಿಸಿದ ತಾಯಿಯದ್ದಾ? ಸಾಮಾನ್ಯವಾಗಿ ಮೂವರೂ ಒಬ್ಬಳೇ ಆಗಿರುವುದರಿಂದ ಬಿಡಿಸಿ ನೋಡಲು ಆಗುವುದಿಲ್ಲ. ಬಿಡಿಸಲು ಸಿಕ್ಕ ದಾರಿಯೇ ಭ್ರೂಣ ವರ್ಗಾವಣೆ, ಅಂದರೆ ಒಂದು ತಾಯಿಯ ಭ್ರೂಣವನ್ನು ತೆಗೆದು ಇನ್ನೊಂದರ ಗರ್ಭದಲ್ಲಿ ಇಡುವುದು. ಇದನ್ನು ಬರೀ ತಂತ್ರ ಅಂದುಕೊಂಡರೆ ಕಥೆಯ ಅರ್ಧ ಭಾಗ ತಪ್ಪಿಹೋಗುತ್ತದೆ. ಇದು ಶುರುವಾದದ್ದೇ ಒಂದು ಪ್ರಶ್ನೆಯಾಗಿ.

1890ರಲ್ಲಿ ಇಂಗ್ಲೆಂಡಿನ ವಾಲ್ಟರ್ ಹೀಪ್ ಅಂಗೋರಾ ಮೊಲದಿಂದ ಎರಡು ಭ್ರೂಣ ತೆಗೆದು, ಆಗಲೇ ಗಂಡಿನ ಜೊತೆ ಕೂಡಿದ್ದ ಬೆಲ್ಜಿಯನ್ ತಳಿಯ ಹೆಣ್ಣು ಮೊಲದೊಳಗೆ ಇಟ್ಟರು. ಆರು ಮರಿ ಹುಟ್ಟಿದವು. ನಾಲ್ಕು ಬೆಲ್ಜಿಯನ್, ಎರಡು ಅಚ್ಚ ಅಂಗೋರಾ. ಹೊತ್ತ ತಾಯಿಯ ಗುಣ ಆ ಎರಡರಲ್ಲಿ ಕಾಣಲಿಲ್ಲ. ಸರಿ, ಹಾಗಾದರೆ ಗರ್ಭ ಅಂದರೆ ಸುಮ್ನೆ ಒಂದು ಬೆಚ್ಚಗಿನ ಗೂಡು, ಅಲ್ವಾ?

ಅಲ್ಲ. 1938ರಲ್ಲಿ ಕೇಂಬ್ರಿಡ್ಜ್‌ನ ಆರ್ಥರ್ ವಾಲ್ಟನ್ ಮತ್ತು ಜಾನ್ ಹ್ಯಾಮಂಡ್ ದೈತ್ಯ ಶೈರ್ ಕುದುರೆಯನ್ನೂ ಕುಳ್ಳ ಶೆಟ್ಲೆಂಡ್ ಕುದುರೆಯನ್ನೂ ಎರಡೂ ದಿಕ್ಕಿನಲ್ಲಿ ಸಂಕರ ಮಾಡಿದ ಫಲಿತಾಂಶ ಪ್ರಕಟಿಸಿದರು. ತಾಯಿ ಶೈರ್ ಆದರೆ ಮರಿ ದೊಡ್ಡದು, ತಾಯಿ ಶೆಟ್ಲೆಂಡ್ ಆದರೆ ಮರಿ ಚಿಕ್ಕದು. ಎರಡು ಕಡೆಯೂ ತಳಿಗಳ ಬೆರಕೆ ಒಂದೇ, ಹುಟ್ಟಿನ ಅಳತೆ ಮಾತ್ರ ಬೇರೆ. ಆದರೆ ಇಲ್ಲಿ ಅಂಡ ಕೊಟ್ಟವಳೂ ಹೊತ್ತವಳೂ ಒಬ್ಬಳೇ. ಹಾಗಾಗಿ ಅಂಡದ ಪಾಲೆಷ್ಟು, ಗರ್ಭದ ಪಾಲೆಷ್ಟು ಅಂತ ಹೇಳುವ ಹಾಗಿರಲಿಲ್ಲ.

ಆ ಗಂಟು ಬಿಚ್ಚಲು ಇಲಿ ಬೇಕಾಯಿತು. ಇಪ್ಪತ್ತು ದಿನದ ಗರ್ಭ, ಒಂದೇ ಸಲಕ್ಕೆ ಹಲವು ಮರಿ, ಜೊತೆಗೆ ತಲೆಮಾರುಗಳಿಂದ ಒಳಸಂಬಂಧದಲ್ಲೇ ಬೆಳೆಸಿ ಒಂದೇ ಅಚ್ಚಿನಂತೆ ಮಾಡಿದ ತಳಿಗಳು. ಆನ್ ಮೆಕ್‌ಲಾರೆನ್ ಮತ್ತು ಡೊನಾಲ್ಡ್ ಮಿಚಿ 1950ರ ದಶಕದಲ್ಲಿ ಆಯ್ದುಕೊಂಡದ್ದು ತೂಕವನ್ನಲ್ಲ, ಸೊಂಟದ ಎಲುಬನ್ನು. ಒಂದು ತಳಿಗೆ ಸೊಂಟದಲ್ಲಿ ಸಾಮಾನ್ಯವಾಗಿ 5 ಕಶೇರುಮಣಿ, ಇನ್ನೊಂದಕ್ಕೆ 6. ಭ್ರೂಣಗಳನ್ನು ವರ್ಗಾಯಿಸಿ ನೋಡಿದಾಗ ಮರಿಗಳ ಎಲುಬಿನ ಎಣಿಕೆ ಹೊತ್ತ ತಾಯಿಯ ಕಡೆಗೆ ವಾಲಿತು. ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಫಲಿತಾಂಶ ಇದು. ತೂಕವಾದರೆ ಊಟದಿಂದ ಏರುಪೇರಾಯಿತು ಅನ್ನಬಹುದು, ಎಲುಬಿನ ಎಣಿಕೆಗೆ ಏನು ಹೇಳೋಣ?

ಈ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಬೇಕು. ಸಾಕುತಾಯಿಯಾಗುವ, ಅಂದರೆ ಬೇರೆ ತಾಯಿಯ ಭ್ರೂಣ ಹೊರುವ ಹೆಣ್ಣಿಲಿಯನ್ನು ವ್ಯಾಸೆಕ್ಟಮಿ ಮಾಡಿದ ಗಂಡಿನ ಜೊತೆ ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ಯೋನಿಯ ಬಾಯಲ್ಲಿ ಗಟ್ಟಿಯಾದ ಬಿರಡೆ ಕಂಡರೆ ಕೂಡಿದೆ ಎಂದರ್ಥ. ವೀರ್ಯಾಣು ಇಲ್ಲದಿದ್ದರೂ ಅದರ ದೇಹ ಬಸಿರಾದಂತೆಯೇ ನಡೆದುಕೊಳ್ಳುತ್ತದೆ, ಇದೇ ಹುಸಿ ಬಸಿರು. ಆಮೇಲೆ ಅರಿವಳಿಕೆ ಕೊಟ್ಟು, ಬೆನ್ನಿನ ಬದಿಯಲ್ಲಿ ಚಿಕ್ಕದಾಗಿ ಕೊಯ್ದು, ಅಂಡಕೋಶವನ್ನು ಅದಕ್ಕೆ ಅಂಟಿದ ಕೊಬ್ಬಿನ ಸಮೇತ ಹೊರಗೆಳೆದು, ಮೈಕ್ರೊಸ್ಕೋಪ್ ಕೆಳಗೆ ಅಂಡನಾಳದ ಬಾಯಿ ಹುಡುಕಬೇಕು. ಭ್ರೂಣದ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದನ್ನು ಕೂದಲಿನಂಥ ಗಾಜಿನ ನಳಿಕೆಗೆ ಎಳೆದುಕೊಳ್ಳುವಾಗ ನಡುವೆ ಒಂದೆರಡು ಗಾಳಿಗುಳ್ಳೆ ಸೇರಿಸುತ್ತಾರೆ. ಊದಿದಾಗ ಗುಳ್ಳೆ ಅಂಡನಾಳದೊಳಗೆ ಕಂಡರೆ ಭ್ರೂಣವೂ ಒಳಗೆ ಹೋಯಿತು ಅಂತ ಗೊತ್ತಾಗುತ್ತದೆ. ಭ್ರೂಣ ಬೆಳೆದಿದ್ದರೆ ನೇರ ಗರ್ಭಕೋಶಕ್ಕೇ ಇಡುತ್ತಾರೆ. ಆಗ ಭ್ರೂಣದ ವಯಸ್ಸು ಮೂರೂವರೆ ದಿನ, ಸಾಕುತಾಯಿಯ ಹುಸಿ ಬಸಿರಿಗೆ ಎರಡೂವರೆ ದಿನ. ಭ್ರೂಣ ಒಂದು ದಿನ ಮುಂದಿದ್ದರೆ ಗರ್ಭಕ್ಕಾಗಿ ಕಾಯುತ್ತದೆ, ಹಿಂದುಳಿದ ಭ್ರೂಣಕ್ಕಾಗಿ ಗರ್ಭ ಅಷ್ಟು ಕಾಯುವುದಿಲ್ಲ.

1956ರಲ್ಲಿ ಆಸ್ಟ್ರೇಲಿಯಾದ ವೆಸ್ಲಿ ವಿಟನ್ ಎಂಟು ಕೋಶದ ಇಲಿ ಭ್ರೂಣವನ್ನು ಗಾಜಿನ ಪಾತ್ರೆಯ ದ್ರಾವಣದಲ್ಲಿ ಬೆಳೆಸಿ ತೋರಿಸಿದರು. 1958ರಲ್ಲಿ ಮೆಕ್‌ಲಾರೆನ್ ಮತ್ತು ಜಾನ್ ಬಿಗರ್ಸ್ ಹಾಗೆ ಬೆಳೆಸಿದ ಭ್ರೂಣಗಳನ್ನು ಸಾಕುತಾಯಿಗೆ ಇಟ್ಟು ಜೀವಂತ ಮರಿ ಪಡೆದರು. 1972ರಲ್ಲಿ ವಿಟಿಂಗ್‌ಹ್ಯಾಮ್, ಲೀಬೊ, ಮಜೂರ್ ಮೂವರು ಸೇರಿ ಮೈನಸ್ 196 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದ ಭ್ರೂಣಗಳಿಂದಲೂ ಮರಿ ಹುಟ್ಟಿಸಿದರು. ಮರಿ ಹುಟ್ಟಿತು, ಓಡಾಡಿತು, ಅಲ್ಲಿಗೆ ಗೆದ್ದಂತೆ ಅನ್ನುವುದು ಆಗಿನ ಅಳತೆಗೋಲು. ಆ ಮರಿ ಮುಂದೆ ಹೇಗೆ ಬೆಳೆಯಿತು ಅನ್ನುವ ಪ್ರಶ್ನೆಗೆ ಜಾಸ್ತಿ ಗಮನ ಸಿಕ್ಕಿದ್ದು ತಡವಾಗಿ.

ಆ ಪ್ರಶ್ನೆ ಕೇಳುವುದೂ ಸುಲಭವಲ್ಲ. ವರ್ಗಾಯಿಸಿದ ಭ್ರೂಣಗಳೆಲ್ಲ ಉಳಿಯುವುದಿಲ್ಲ, ಸಾಕುತಾಯಿಗೆ ಎರಡೋ ಮೂರೋ ಮರಿ ಮಾತ್ರ ಹುಟ್ಟಬಹುದು. ಗರ್ಭದಲ್ಲಿ ಪೈಪೋಟಿ ಕಡಿಮೆ, ಹುಟ್ಟುವಾಗಲೇ ಮರಿ ದಪ್ಪ. ಆಮೇಲೆ ಹಾಲೂ ಅಷ್ಟೇ ಮರಿಗಳಿಗೆ ಹಂಚಿಕೆಯಾಗುವುದರಿಂದ ಇನ್ನೂ ದಪ್ಪ. ಹತ್ತು ಹನ್ನೆರಡು ಮರಿಗಳಿರುವ ಸಾಮಾನ್ಯ ಗೂಡಿನ ಪಕ್ಕ ಇಟ್ಟು ನೋಡಿದರೆ 'ವರ್ಗಾವಣೆಯಿಂದ ಮರಿ ದೊಡ್ಡದಾಯಿತು' ಅಂತ ತಪ್ಪು ತೀರ್ಮಾನಕ್ಕೆ ಬರುವುದು ಖಂಡಿತ. ಅದಕ್ಕೇ ಎಚ್ಚರಿಕೆಯಿಂದ ಕೆಲಸ ಮಾಡುವವರು ಗೂಡುಗಳಲ್ಲಿ ಮರಿಗಳ ಸಂಖ್ಯೆ ಸಮ ಮಾಡುತ್ತಾರೆ. ಇನ್ನೊಂದು ಗುಂಪಿನಲ್ಲಿ, ದ್ರಾವಣದ ತಟ್ಟೆಯಲ್ಲಿ ಬೆಳೆಸದೆ ಒಂದು ತಾಯಿಯಿಂದ ತೆಗೆದು ಕೂಡಲೇ ಇನ್ನೊಂದಕ್ಕೆ ಇಟ್ಟ ಭ್ರೂಣಗಳ ಮರಿಗಳನ್ನೂ ತೂಗುತ್ತಾರೆ. ಈ ಎರಡನೇ ಗುಂಪು ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಪರಿಣಾಮ ಯಾವುದು, ತಟ್ಟೆಯ ಪರಿಣಾಮ ಯಾವುದು ಅಂತ ಹೇಳಲಾಗದು. ಅದಿಲ್ಲದ ತೂಕದ ಪಟ್ಟಿಯನ್ನು ನಾನಂತೂ ನಂಬುವುದಿಲ್ಲ.

ಹೀಗೆ ಬೇರ್ಪಡಿಸಿ ನೋಡಿದಾಗ ತಟ್ಟೆಯ ಗುರುತು ಕಾಣತೊಡಗಿತು. ಎಚ್19 ಎಂಬ ಜೀನ್‌ನಲ್ಲಿ ತಂದೆಯಿಂದ ಬಂದ ನಕಲು ಸಾಮಾನ್ಯವಾಗಿ ಸುಮ್ಮನಿರುತ್ತದೆ. ವಿಟನ್ ದ್ರಾವಣದಲ್ಲಿ ಬೆಳೆದ ಭ್ರೂಣಗಳಲ್ಲಿ ಅದು ಕೆಲಸ ಶುರುಮಾಡುತ್ತದೆ, ಅಮೈನೊ ಆಮ್ಲ ಸೇರಿಸಿದ ಕೆಎಸ್‌ಒಎಂ ಎಂಬ ಹೊಸ ದ್ರಾವಣದಲ್ಲಿ ಹಾಗಾಗುವುದಿಲ್ಲ ಎಂದು 2000ದಲ್ಲಿ ಗೊತ್ತಾಯಿತು. ಎಚ್19ರ ನೆರೆಯಲ್ಲೇ ಬೆಳವಣಿಗೆಗೆ ಬೇಕಾದ ಐಜಿಎಫ್2 ಜೀನ್ ಇದೆ, ಹಾಗಾಗಿ ಈ ಏರುಪೇರು ಬೆಳವಣಿಗೆಗೂ ತಟ್ಟಬಹುದು. 2005ರ ಒಂದು ಅಧ್ಯಯನದಲ್ಲಿ ತಟ್ಟೆಯಲ್ಲಿ ಬೆಳೆದ ಭ್ರೂಣಗಳು ಗರ್ಭದಲ್ಲಿ ಚಿಕ್ಕದಾಗಿದ್ದವು, ಹುಟ್ಟಿದ ಮೇಲೆ ಬೆಳವಣಿಗೆಯ ದಾರಿಯೇ ಬದಲಾಗಿ, ಮುಖ್ಯವಾಗಿ ಗಂಡುಗಳಲ್ಲಿ, ಕೊನೆಗೆ ಬೊಜ್ಜು ಬಂತು. ತಾಯಿಯ ಅಂಡನಾಳ, ಗರ್ಭಕೋಶಗಳಲ್ಲಿ ಸಹಜವಾಗಿ ಇರುವ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ದ್ರಾವಣಕ್ಕೆ ಸೇರಿಸಿದಾಗ ಈ ತೊಂದರೆ ತಗ್ಗಿತು. ತಟ್ಟೆಯಲ್ಲಿ ಕಳೆದದ್ದು ಕೆಲವೇ ದಿನ ಎಂಬುದನ್ನು ಮರೆಯಬೇಡಿ.

ಮನುಷ್ಯರಲ್ಲೂ ಇದನ್ನು ನೋಡಿದ್ದಾರೆ. 2016ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂದ ಐವಿಎಫ್ (ಪ್ರನಾಳ ಶಿಶು) ಅಧ್ಯಯನದಲ್ಲಿ ದಂಪತಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚಿ, ಭ್ರೂಣಗಳನ್ನು ಎರಡು ಬೇರೆ ಬೇರೆ ದ್ರಾವಣದಲ್ಲಿ ಬೆಳೆಸಿದರು. ಒಂಟಿಯಾಗಿ ಹುಟ್ಟಿದ ಮಕ್ಕಳ ಸರಾಸರಿ ತೂಕದಲ್ಲಿ 158 ಗ್ರಾಂ ವ್ಯತ್ಯಾಸ ಬಂತು. ಇಲಿಯ ಆಯಸ್ಸು ಎರಡು ಮೂರು ವರ್ಷ, ಹಾಗಾಗಿ ಅದರ ಮುಪ್ಪಿನವರೆಗಿನ ಪಟ್ಟಿ ಕೈಯಲ್ಲಿದೆ. ಐವಿಎಫ್‌ನಿಂದ ಹುಟ್ಟಿದ ಮೊದಲ ಮಗು ಲೂಯಿಸ್ ಬ್ರೌನ್ ಜನಿಸಿದ್ದು 1978ರಲ್ಲಿ. ಆ ತಲೆಮಾರಿನ ಹಿರಿಯರೇ ಈಗಷ್ಟೇ ನಡುವಯಸ್ಸಿನಲ್ಲಿದ್ದಾರೆ.