ಯೂದನ ಪಾತ್ರ ಹೋಲಿಸುವಾಗ ಏನನ್ನು ಕೇಳಬೇಕು: ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಟಿಪ್ಪಣಿ

ಒಂದೇ ಪಾತ್ರವನ್ನು ಬೇರೆ ಬೇರೆ ಕಲಾವಿದರು ಹೇಗೆ ಮಾಡಿದ್ದಾರೆ, ಹೋಲಿಸಿ ಬರೆಯಿರಿ. ಪ್ರಶ್ನೆ ನೋಡೋಕೆ ಸುಲಭ. ಬರೆಯೋಕೆ ಕೂತರೆ ‘ಇವರ ದನಿ ಚೆನ್ನಾಗಿದೆ, ಅವರು ಜಾಸ್ತಿ ಕಿರುಚುತ್ತಾರೆ’ ಅನ್ನೋದರಿಂದ ಮುಂದೆ ಪೆನ್ನು ಹೋಗಲ್ಲ. ರಾಕ್ ಮ್ಯೂಸಿಕಲ್ (ರಾಕ್ ಸಂಗೀತದ ಹಾಡುನಾಟಕ) ವಿಷಯದಲ್ಲಂತೂ ಇನ್ನೂ ಕಷ್ಟ, ಯಾಕೆಂದರೆ ಎಲ್ಲರೂ ಕಿರುಚುತ್ತಾರೆ. ನಾನು ಆರಿಸಿಕೊಂಡದ್ದು ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ನ ಯೂದನನ್ನು. ಇಸ್ಕರಿಯೋತ ಯೂದ, ಯೇಸುವನ್ನು ಹಿಡಿದುಕೊಟ್ಟವನು. ಹೆಸರು ಯೇಸುವಿನದೇ ಆದರೂ ನಾಟಕ ಶುರುವಾಗೋದು ಯೂದನ ಹಾಡಿನಿಂದ, ಅವನ ಅನುಮಾನದಿಂದ.

ಹಿನ್ನೆಲೆ ಚಿಕ್ಕದಾಗಿ: ಸಂಗೀತ ಆಂಡ್ರೂ ಲಾಯ್ಡ್ ವೆಬರ್ ಅವರದು, ಸಾಹಿತ್ಯ ಟಿಮ್ ರೈಸ್ ಅವರದು. ರಂಗಕ್ಕೆ ತರಲು ದುಡ್ಡು ಹಾಕುವವರು ಸಿಗದೆ 1970ರಲ್ಲಿ ಮೊದಲು ಆಲ್ಬಮ್ಮಾಗಿ ಬಂತು. 1971ರಲ್ಲಿ ಬ್ರಾಡ್‌ವೇ (ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳು), 1972ರಲ್ಲಿ ಲಂಡನ್, 1973ರಲ್ಲಿ ನಾರ್ಮನ್ ಜ್ಯೂಯಿಸನ್ ಅವರ ಸಿನಿಮಾ. ಆಮೇಲೆ ಲೆಕ್ಕವಿಲ್ಲದಷ್ಟು ಪ್ರಯೋಗಗಳು. ಸಾಕು, ಇಷ್ಟು ಗೊತ್ತಿದ್ದರೆ ಮುಂದೆ ಹೋಗಬಹುದು.

ಮೊದಲು ಪದರ ಬಿಡಿಸಿ

ಇದೊಂದು ಹೆಜ್ಜೆ ತಲೆಗೆ ಹೋಗೋಕೆ ನನಗೆ ತುಂಬಾ ಸಮಯ ಹಿಡಿಯಿತು, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಗೊತ್ತಿರುವವರು ಹಾರಿಸಿಕೊಂಡು ಹೋಗಿ.

ನಮ್ಮ ತಾಳಮದ್ದಳೆಯಲ್ಲಿ ಪದ್ಯ ಒಂದೇ ಇದ್ದರೂ ಅರ್ಥ ಹೇಳುವವರು ಮಾತನ್ನು ತಾವೇ ಕಟ್ಟುತ್ತಾರೆ. ಹಾಗಾಗಿ ಇಬ್ಬರ ಕರ್ಣ ಎಲ್ಲಿ ಬೇರೆಯಾದ ಅಂತ ಮಾತಿನಲ್ಲೇ ತೋರಿಸಬಹುದು. ಇಲ್ಲಿ ಆ ಅನುಕೂಲ ಇಲ್ಲ. ಈ ನಾಟಕದಲ್ಲಿ ಮಾತೇ ಇಲ್ಲ, ಶುರುವಿನಿಂದ ಕೊನೆಯವರೆಗೂ ಹಾಡು. ಪದಗಳು ರೈಸ್ ಬರೆದಿಟ್ಟದ್ದು, ಸ್ವರ ವೆಬರ್ ಕೂರಿಸಿದ್ದು. ಹಾಗಾದರೆ ಕಲಾವಿದರಿಗೆ ಉಳಿಯೋದು ಏನು?

ಅದನ್ನು ಕಂಡುಹಿಡಿಯಲು ಮೂರು ಪದರ ಮಾಡಿಕೊಂಡೆ. ಒಂದು, ಕೃತಿಯಲ್ಲೇ ಇರುವುದು. ಎರಡು, ನಿರ್ದೇಶಕರು, ಕ್ಯಾಮೆರಾ, ಸೌಂಡ್ ಮಾಡುವವರು ಸೇರಿಸಿದ್ದು. ಮೂರು, ಇವೆರಡನ್ನೂ ಕಳೆದ ಮೇಲೆ ಉಳಿದದ್ದು. ವ್ಯಾಖ್ಯಾನ ಅಂತ ಬರೆಯಬೇಕಾದದ್ದು ಈ ಮೂರನೆಯದನ್ನು ಮಾತ್ರ. ಕೇಳೋಕೆ ಸರಳ, ಆದರೆ ಕಣ್ಣೆದುರು ಒಳ್ಳೇ ದೃಶ್ಯ ಇದ್ದಾಗ ಪದರಗಳು ಅಂಟಿಕೊಂಡುಬಿಡುತ್ತವೆ.

ಒಂದು ಜಾಗ ಹಿಡಿದು ನೋಡೋಣ. ಯೂದ ಸಾಯುವ ಹಾಡು, ‘ಜೂಡಸ್ ಡೆತ್’. ಮೊದಲು ಯೇಸುವಿಗೆ ಬಿದ್ದ ಏಟುಗಳನ್ನು ನೋಡಿ ಕಂಗಾಲಾಗಿ ಅರಚುತ್ತಾನೆ. ಆಮೇಲೆ ಇದ್ದಕ್ಕಿದ್ದ ಹಾಗೆ ಸಂಗೀತ ತಣ್ಣಗಾಗಿ ಇನ್ನೊಂದು ಧಾಟಿ ಬರುತ್ತದೆ. ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸುತ್ತದೆ. ಹೌದು, ಅದು ಮಗ್ದಲದ ಮರಿಯಳ ಧಾಟಿ. ಮೊದಲ ಅಂಕದಲ್ಲಿ ಅವಳು ಮಲಗಿರುವ ಯೇಸುವಿನ ಪಕ್ಕ ಕೂತು ಹಾಡುವ ಪ್ರೇಮದ ಹಾಡು. ಈಗ ಅದೇ ಧಾಟಿ, ಕೆಲವು ಪದಗಳೂ ಸೇರಿ, ಯೂದನ ಬಾಯಲ್ಲಿ.

ಇಲ್ಲಿ ಎಲ್ಲರೂ ಬರೆಯೋ ವಾಕ್ಯ: ‘ಈ ನಟ ಯೂದನನ್ನು ಯೇಸುವಿನ ಮೇಲೆ ಪ್ರೀತಿ ಇರುವವನಾಗಿ ತೋರಿಸಿದ್ದಾರೆ.’ ಸ್ವಲ್ಪ ತಡೆಯಿರಿ. ಆ ಪ್ರೀತಿಯನ್ನು ಇಟ್ಟವರು ವೆಬರ್ ಮತ್ತು ರೈಸ್. ಯಾರು ಹಾಡಿದರೂ ಅದು ಅಲ್ಲಿರುತ್ತದೆ. ಸಿನಿಮಾದಲ್ಲಿ ಆ ಹೊತ್ತಿಗೆ ಕ್ಯಾಮೆರಾ ಮುಖದ ಹತ್ತಿರ ಬಂದರೆ ಅದು ನಿರ್ದೇಶಕರ ಆಯ್ಕೆ. ನಟರದು ಅಂತ ಹೇಳಬಹುದಾದದ್ದು ಚಿಕ್ಕದು, ಆದರೆ ಗಟ್ಟಿ: ಆ ಧಾಟಿಯನ್ನು ಅವರು ಮರಿಯಳ ಹಾಗೆ ಹಾಡಿದರಾ, ಒಡೆದರಾ? ಅಂದರೆ ಸ್ವರಗಳನ್ನು ಒಂದಕ್ಕೊಂದು ಜೋಡಿಸಿ, ಶ್ರುತಿ ಬಿಡದೆ, ಹಾಡು ಅಂತಲೇ ಹಾಡಿದರಾ? ಅಥವಾ ಉಸಿರು ಸಾಲದೆ ಮಾತಿನ ಹತ್ತಿರ ತಂದರಾ? ಮೊದಲ ಬಗೆಯಲ್ಲಿ ಯೂದನಿಗೆ ತನ್ನ ಪ್ರೀತಿ ಈಗ ಗೊತ್ತಾಗುತ್ತದೆ. ಎರಡನೆಯದರಲ್ಲಿ ಗೊತ್ತಾಗುವ ಮೊದಲೇ ಅವನು ಮುರಿದುಹೋಗಿರುತ್ತಾನೆ. ಕೃತಿ ಒಂದೇ, ಮನುಷ್ಯರು ಇಬ್ಬರು. ಉತ್ತರದಲ್ಲಿ ಅಂಕ ಸಿಗೋದು ಈ ವಾಕ್ಯಕ್ಕೆ ಅಂತ ನನ್ನ ನಂಬಿಕೆ.

ಎರಡನೇ ಪದರಕ್ಕೆ ಒಂದು ಎಚ್ಚರಿಕೆ. 2012ರ ಅರೇನಾ (ದೊಡ್ಡ ಒಳಾಂಗಣ ಕ್ರೀಡಾಂಗಣ) ಪ್ರಯೋಗದ ಡಿವಿಡಿ ಬಂದಾಗ, ತಮ್ಮ ದನಿಗೆ ಆಟೋಟ್ಯೂನ್ (ಶ್ರುತಿ ತಿದ್ದುವ ಸಾಫ್ಟ್‌ವೇರ್) ಹಾಕಿದ್ದಾರೆ ಅಂತ ಯೂದನ ಪಾತ್ರದ ಟಿಮ್ ಮಿಂಚಿನ್ ಬಹಿರಂಗವಾಗಿಯೇ ಬೇಸರ ತೋಡಿಕೊಂಡಿದ್ದರು. ಹಾಗಾಗಿ ಆ ಡಿವಿಡಿ ಕೇಳಿ ‘ಸ್ವರ ತುಂಬಾ ನೇರ, ಜಾರಿಕೆ ಇಲ್ಲ, ಭಾವ ಕಡಿಮೆ’ ಅಂತ ಬರೆದರೆ ನಾವು ಬರೆಯುತ್ತಿರುವುದು ಒಂದು ಸಾಫ್ಟ್‌ವೇರ್ ಬಗ್ಗೆ ಇರಬಹುದು.

ನನ್ನ ಶಾರ್ಟ್‌ಕಟ್

ಇಡೀ ನಾಟಕ ಕೇಳಿ ಹೋಲಿಸಲು ಹೋಗಬೇಡಿ, ತಲೆ ಕೆಡುತ್ತದೆ. ಮೂರು ಜಾಗ ಸಾಕು.

ಒಂದು, ‘ಹೆವನ್ ಆನ್ ದೇರ್ ಮೈಂಡ್ಸ್’ ಹಾಡಿನ ಮೊದಲ ಸಾಲುಗಳು. ಗಿಟಾರ್ ಒಂದೇ ವರಸೆಯನ್ನು ಸುತ್ತಿ ಸುತ್ತಿ ನುಡಿಸುತ್ತಿರುತ್ತದೆ, ಯೂದ ಒಳಗೆ ಬರುತ್ತಾನೆ. ಅವನು ಯಾರ ಜೊತೆ ಮಾತಾಡುತ್ತಿದ್ದಾನೆ? ತನ್ನ ಜೊತೆಯಾ, ನಮ್ಮ ಜೊತೆಯಾ, ಯೇಸುವಿನ ಜೊತೆಯಾ? ಪದಗಳು ಮೂರಕ್ಕೂ ಜಾಗ ಕೊಡುತ್ತವೆ.

ಎರಡು, ‘ಎವ್ರಿಥಿಂಗ್ಸ್ ಆಲ್‌ರೈಟ್’ ನಡುವೆ ಯೂದ ಬಾಯಿ ಹಾಕುವ ಜಾಗ. ಇದು ಐದು ಎಣಿಕೆಯ ಹಾಡು. ಖಂಡ ನಡೆ ಗೊತ್ತಿದ್ದವರು ತಕತಕಿಟ ಹೇಳಿಕೊಂಡು ಕೇಳಿ. ಒತ್ತು ಎಲ್ಲಿ ಬೀಳುತ್ತೆ ಅನ್ನೋದು ಬೇರೆ ವಿಷಯ, ಐದು ಸಿಕ್ಕರೆ ಸಾಕು. ಮರಿಯ ಅದರ ಮೇಲೆ ತೊಟ್ಟಿಲು ತೂಗುವಷ್ಟು ಮೆತ್ತಗೆ ಹಾಡುತ್ತಾಳೆ. ಅವಳು ಯೇಸುವಿಗೆ ಹಚ್ಚುವ ದುಬಾರಿ ತೈಲದ ದುಡ್ಡನ್ನು ಬಡವರಿಗೆ ಕೊಡಬಹುದಿತ್ತಲ್ಲ ಅಂತ ಯೂದ ಎದ್ದು ಕೇಳುವಾಗಲೂ ನಡೆ ಐದೇ. ಅವನು ಆ ಐದರ ಒಳಗೆ ಕೂತು ಜಗಳ ಮಾಡುತ್ತಾನಾ, ಅದನ್ನು ತಳ್ಳುತ್ತಾನಾ? ತಳ್ಳಿದರೆ ಸಿಟ್ಟಿನವ. ಒಳಗೇ ಕೂತರೆ ಅವನಿಗೂ ಈ ಮನೆಯಲ್ಲಿ ಜಾಗ ಬೇಕು.

ಮೂರು, ಮೇಲೆ ಹೇಳಿದ ಮರಿಯಳ ಧಾಟಿ.

ಈ ಮೂರನ್ನು ಒಬ್ಬೊಬ್ಬರದೂ ಬೆನ್ನಿಗೆ ಬೆನ್ನು ಹಚ್ಚಿ ಕೇಳಿ. ವಿಡಿಯೊ ಇದ್ದರೂ ಮೊದಲ ಸಲ ಕಣ್ಣು ಮುಚ್ಚಿಕೊಳ್ಳಿ. ಅರ್ಧ ಎರಡನೇ ಪದರ ಅಲ್ಲೇ ಉದುರಿಹೋಗುತ್ತದೆ.

ಒಬ್ಬೊಬ್ಬರಾಗಿ

*ಮರ್ರೆ ಹೆಡ್, 1970ರ ಆಲ್ಬಮ್.* ಇವರಿಗೆ ಮುಂದೆ ಮಾದರಿ ಅಂತ ಯಾರೂ ಇರಲಿಲ್ಲ, ರಂಗವೂ ಇರಲಿಲ್ಲ, ಇದ್ದದ್ದು ಮೈಕ್ ಮಾತ್ರ. ಹಿಂದೆ ನುಡಿಸುತ್ತಿದ್ದವರಲ್ಲಿ ರಾಕ್ ಗಾಯಕ ಜೋ ಕಾಕರ್ ಅವರ ಗ್ರೀಸ್ ಬ್ಯಾಂಡಿನವರಿದ್ದರು, ಯೇಸುವಾಗಿ ರಾಕ್ ತಂಡ ಡೀಪ್ ಪರ್ಪಲ್‌ನ ಇಯಾನ್ ಗಿಲನ್. ಗಿಲನ್ ಎತ್ತರಕ್ಕೆ ಹೋಗಿ ಚೀರಿದಾಗ ಹೆಡ್ ಅದಕ್ಕೆ ಪೈಪೋಟಿ ಕೊಡುವುದಿಲ್ಲ. ಮೊದಲ ಹಾಡನ್ನು ಹೆಚ್ಚುಕಡಿಮೆ ಮಾತಾಡುವ ಹಾಗೆ ಶುರು ಮಾಡುತ್ತಾರೆ, ತಣ್ಣಗೆ, ಲೆಕ್ಕ ಒಪ್ಪಿಸುವವರ ಹಾಗೆ. ಸಿಟ್ಟು ನಿಧಾನಕ್ಕೆ ಏರುತ್ತದೆ. ಇವರ ಯೂದ ತನ್ನ ಜೊತೆ ತಾನೇ ವಾದ ಮಾಡುವವನು. (‘ಒನ್ ನೈಟ್ ಇನ್ ಬ್ಯಾಂಕಾಕ್’ ಕೇಳಿದ್ದೀರಲ್ಲ, ಅದೂ ಇವರೇ, ಅದರ ಸಾಹಿತ್ಯದಲ್ಲೂ ರೈಸ್ ಇದ್ದಾರೆ.)

*ಕಾರ್ಲ್ ಆಂಡರ್ಸನ್, 1973ರ ಸಿನಿಮಾ.* ಇಲ್ಲಿ ಸ್ವಲ್ಪ ಪಕ್ಷಪಾತ ಮಾಡುತ್ತೇನೆ. ಬ್ರಾಡ್‌ವೇನಲ್ಲಿ ಬೆನ್ ವೆರೀನ್ ಅವರ ಬದಲಿ ನಟರಾಗಿದ್ದವರು ಇವರು. ಸಿನಿಮಾದ ಶುರುವಿನಲ್ಲಿ ಯೂದ ಒಬ್ಬನೇ ಎತ್ತರದ ಬಂಡೆಯ ಮೇಲೆ, ಉಳಿದವರೆಲ್ಲ ಕೆಳಗೆ ದೂರದಲ್ಲಿ. ಇದು ಎರಡನೇ ಪದರ, ಜ್ಯೂಯಿಸನ್ ಅವರದು. ‘ಡ್ಯಾಮ್ಡ್ ಫಾರ್ ಆಲ್ ಟೈಮ್’ಗೆ ಮುಂಚೆ ಮರುಭೂಮಿಯಲ್ಲಿ ಅವನನ್ನು ಅಟ್ಟಿಸಿಕೊಂಡು ಬರುವ ಟ್ಯಾಂಕುಗಳೂ ಅಷ್ಟೇ. ಇಸ್ರೇಲಿನಲ್ಲಿ ಚಿತ್ರೀಕರಣ, ಹಿಂದೆ ಬಿಸಿಲು, ಕಲ್ಲು, ಯಾರು ನಿಂತರೂ ಒಂಟಿಯಾಗಿಯೇ ಕಾಣುತ್ತಾರೆ. ಅವನ್ನೆಲ್ಲ ಕಳೆಯಿರಿ. ಉಳಿಯುವುದು ತಾಳದ ಜೊತೆ ಇವರು ಆಡುವ ಆಟ. ಸಾಲನ್ನು ಎಣಿಕೆಗಿಂತ ಕೂದಲೆಳೆಯಷ್ಟು ತಡವಾಗಿ ಬಿಡುತ್ತಾರೆ, ‘ಸೋಲ್’ (ಅಮೆರಿಕದ ಕಪ್ಪು ಜನರ ಒಂದು ಹಾಡುಗಾರಿಕೆ) ಗಾಯಕರ ರೀತಿ. ಕೊನೆಯ ಅಕ್ಷರವನ್ನು ಬಾಗಿಸಿ ಮೇಲಕ್ಕೆ ಎಸೆಯುತ್ತಾರೆ. ಆ ತಡದಿಂದ ಏನಾಗುತ್ತದೆ ಅಂದರೆ ಎಚ್ಚರಿಕೆ ಬೇಡಿಕೆಯಾಗುತ್ತದೆ. ಹೆಡ್ ಅವರ ಯೂದ ‘ನಾನು ಹೇಳಿದ್ದೆ’ ಅನ್ನುವವನು, ಆಂಡರ್ಸನ್ ಅವರ ಯೂದ ‘ದಯವಿಟ್ಟು ಕೇಳು’ ಅನ್ನುವವನು. ಮರಿಯಳ ಧಾಟಿ ಬಂದಾಗ ಅವರು ಅದನ್ನು ಹಾಡಿಯೇ ಹಾಡುತ್ತಾರೆ, ದನಿ ಇಳಿಸಿ, ದುಂಡಗೆ. ಒಡೆಯೋದು ಆಮೇಲೆ.

ಆಂಡರ್ಸನ್ ಅವರಂಥ ಕಪ್ಪು ಕಲಾವಿದರಿಗೆ ದ್ರೋಹಿ ಯೂದನ ಪಾತ್ರ ಕೊಟ್ಟಿದ್ದರ ಬಗ್ಗೆ ಆಗ ತಕರಾರು ಎದ್ದಿತ್ತು. ಟಿಪ್ಪಣಿಯಲ್ಲಿ ಇದನ್ನು ಎಲ್ಲಿ ಇಡಬೇಕು? ಪಾತ್ರಕ್ಕೆ ಯಾರನ್ನು ಆರಿಸಿದರು ಅನ್ನೋದು ಎರಡನೇ ಪದರ. ಆದರೆ ನೋಡುವವರ ಮೇಲೆ ಅದರ ಪರಿಣಾಮ ದೊಡ್ಡದು. 2018ರ ಪ್ರಯೋಗಕ್ಕೆ ಬಂದಾಗ ಇದೇ ಮಾತು ಮತ್ತೆ ಬೇಕಾಗುತ್ತದೆ.

*ಜೆರೋಮ್ ಪ್ರಾಡೊನ್, 2000ದ ವಿಡಿಯೊ.* ಕಣ್ಣೀರಿನ ಯೂದ. ದನಿ ತೆಳ್ಳಗೆ, ಒರಟು. ದೊಡ್ಡ ಸ್ವರಗಳಿಗೆ ಆಂಡರ್ಸನ್ ಅವರಷ್ಟು ಶಕ್ತಿ ಇಲ್ಲ, ಅದನ್ನು ಮುಚ್ಚಿಡೋಕೂ ಹೋಗಲ್ಲ. ಕೊನೆಯ ಊಟದ ಜಗಳ ಮನೆ ಬಿಟ್ಟು ಹೋಗುವವನ ಜಗಳದ ಹಾಗಿದೆ. ಮರಿಯಳ ಧಾಟಿ ಇವರ ಬಾಯಲ್ಲಿ ಹಾಡಾಗಿ ಉಳಿಯುವುದಿಲ್ಲ. ಕೆಲವರಿಗೆ ಇದು ಅತಿ ಅನ್ನಿಸುತ್ತದೆ. ನನಗೂ ಮೊದಲ ಹಾಡಿನಲ್ಲಿ ಹಾಗನ್ನಿಸಿತು. ಶುರುವಿನಲ್ಲೇ ಅಷ್ಟು ನೊಂದವನು ಆಮೇಲೆ ಎಲ್ಲಿಗೆ ಏರಬೇಕು?

*ಟಿಮ್ ಮಿಂಚಿನ್, 2012.* ಹಾಸ್ಯಗಾರ, ‘ಮಟಿಲ್ಡಾ’ ಮ್ಯೂಸಿಕಲ್‌ಗೆ ಹಾಡು ಬರೆದವರು, ಅಂದರೆ ಪದಗಳ ಮನುಷ್ಯ. ಅದು ಕೇಳಿಸುತ್ತದೆ. ವ್ಯಂಜನಗಳನ್ನು ಕತ್ತರಿಸಿ ಕತ್ತರಿಸಿ ಕೊಡುತ್ತಾರೆ, ಎಣಿಕೆಯ ಮೇಲೆ ಸರಿಯಾಗಿ. ಸುತ್ತ ಇರುವುದು ಪ್ರತಿಭಟನೆಯ ಡೇರೆಗಳು, ದೊಡ್ಡ ಪರದೆ, ಹೆರೋದ ಟಿವಿ ಶೋ ನಿರೂಪಕ. ಚಳವಳಿಯಲ್ಲಿ ನಾಯಕನ ಪೂಜೆ ಶುರುವಾಯಿತಲ್ಲ ಅಂತ ತಲೆ ಕೆಡಿಸಿಕೊಂಡ ಕಾರ್ಯಕರ್ತನ ಹಾಗೆ ಇವರ ಯೂದ. ಮೂರು ಜಾಗಗಳಲ್ಲಿ ಎರಡನೆಯದು ಇವರದು ಬಹಳ ಚೆನ್ನಾಗಿದೆ. ಬಡವರ ದುಡ್ಡಿನ ಮಾತು ಇವರ ಬಾಯಲ್ಲಿ ನಿಜವಾದ ವಾದವಾಗುತ್ತದೆ, ಮರಿಯಳ ಮೇಲಿನ ಹೊಟ್ಟೆಕಿಚ್ಚಾಗಿ ಮಾತ್ರ ಉಳಿಯಲ್ಲ.

*ಬ್ರ್ಯಾಂಡನ್ ವಿಕ್ಟರ್ ಡಿಕ್ಸನ್, 2018.* ಅಮೆರಿಕದ ಎನ್‌ಬಿಸಿ ವಾಹಿನಿ ಏಪ್ರಿಲ್ 1ರಂದು, ಈಸ್ಟರ್ ದಿನ, ಬ್ರೂಕ್ಲಿನ್‌ನಿಂದ ನೇರಪ್ರಸಾರ ಮಾಡಿದ್ದು. ಯೇಸುವಾಗಿ ಜಾನ್ ಲೆಜೆಂಡ್. ಯೇಸು, ಯೂದ ಇಬ್ಬರೂ ಕಪ್ಪು ಕಲಾವಿದರೇ ಆದಾಗ 1973ರ ತಕರಾರಿಗೆ ಜಾಗವೇ ಉಳಿಯುವುದಿಲ್ಲ. ಅಣ್ಣತಮ್ಮಂದಿರ ಮನಸ್ತಾಪದ ಹಾಗೆ ಕಾಣುತ್ತದೆ. ಡಿಕ್ಸನ್ ಇದಕ್ಕೆ ಮುಂಚೆ ಬ್ರಾಡ್‌ವೇಯ ‘ಹ್ಯಾಮಿಲ್ಟನ್’ನಲ್ಲಿ ಏರನ್ ಬರ್ ಆಗಿದ್ದರು. ಅಲ್ಲೂ ಕತೆ ಹೇಳುವವನೇ ಕೊಲ್ಲುವವನು! ಆ ಅಭ್ಯಾಸ ಇಲ್ಲಿ ಕಾಣುತ್ತದೆ, ಮೊದಲ ಸಾಲಿನಿಂದಲೇ ಅವರು ಪ್ರೇಕ್ಷಕರನ್ನು ಹಿಡಿದು ಮಾತಾಡುತ್ತಾರೆ. ಸಭಿಕರ ಕೇಕೆ ನೇರಪ್ರಸಾರದಲ್ಲಿ ಎಲ್ಲ ಕಡೆ ನುಗ್ಗುತ್ತದೆ, ಅದನ್ನು ಅವರ ಲೆಕ್ಕಕ್ಕೆ ಹಾಕಬೇಡಿ.

*ಟೈರೋನ್ ಹಂಟ್ಲಿ, 2016, ಲಂಡನ್‌ನ ರೀಜೆಂಟ್ಸ್ ಪಾರ್ಕ್ ಬಯಲು ರಂಗಮಂದಿರ.* ದುಡ್ಡು ತೆಗೆದುಕೊಂಡ ಯೂದನ ಕೈಗಳು ಬೆಳ್ಳಿ ಬಣ್ಣದಲ್ಲಿ ಅದ್ದಿದಂತಾಗುತ್ತವೆ. ಆಮೇಲೆ ಆ ಬಣ್ಣ ಹೋಗಲ್ಲ. ಎಲ್ಲರೂ ನೆನಪಿಟ್ಟುಕೊಂಡಿರುವುದು ಆ ಕೈಗಳನ್ನೇ, ಆದರೆ ಅದು ನಿರ್ದೇಶಕ ಟಿಮೊಥಿ ಶೀಡರ್ ಅವರ ಪ್ರಯೋಗದ ಗುರುತು. ಎರಡನೇ ಪದರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಸತ್ತ ಮೇಲಿನ ಹಾಡು

‘ಸೂಪರ್‌ಸ್ಟಾರ್’ ಹಾಡುವಾಗ ಯೂದ ಆಗಲೇ ಸತ್ತಿದ್ದಾನೆ. ವಾಪಸ್ ಬಂದು ಯೇಸುವಿಗೆ ಪ್ರಶ್ನೆ ಹಾಕುತ್ತಾನೆ. ಇದನ್ನು ನನ್ನ ಮೂರು ಜಾಗಗಳಲ್ಲಿ ಸೇರಿಸಿಲ್ಲ, ಯಾಕೆಂದರೆ ಇಲ್ಲಿ ದೀಪ, ಬಟ್ಟೆ, ಕುಣಿತ ಎಲ್ಲ ಸೇರಿ ಮೂರನೇ ಪದರ ಹುಡುಕೋದೇ ಕಷ್ಟ. ಕೇಳಬೇಕಾದ್ದು ಒಂದೇ: ಅವನಿಗೆ ಉತ್ತರ ಬೇಕಾಗಿದೆಯಾ, ಇಲ್ಲ ಸುಮ್ನೆ ಕೆಣಕುತ್ತಿದ್ದಾನಾ? ಆಂಡರ್ಸನ್‌ಗೆ ಬೇಕಾಗಿದೆ, ನಗುತ್ತಲೇ ಕೇಳುತ್ತಾರೆ. ಮಿಂಚಿನ್ ಕೆಣಕುತ್ತಾರೆ. ಡಿಕ್ಸನ್ ಕೇಳುವುದು ಯೇಸುವಿಗಿಂತ ಜಾಸ್ತಿ ನಮ್ಮನ್ನು.

ಬೆನ್ ವೆರೀನ್ ಎಲ್ಲಿ ಅಂತ ಕೇಳಬಹುದು. 1971ರ ಬ್ರಾಡ್‌ವೇ ಯೂದ, ಟೋನಿಗೆ (ಬ್ರಾಡ್‌ವೇ ರಂಗಪ್ರಶಸ್ತಿ) ನಾಮನಿರ್ದೇಶನವೂ ಆಗಿತ್ತು. ಬ್ರಾಡ್‌ವೇ ತಂಡದ ಆಲ್ಬಮ್ಮಿನಲ್ಲಿ ದನಿ ಸಿಗುತ್ತದೆ. ಆದರೆ ಅವರು ಮೊದಲಿಗೆ ಕುಣಿಯುವ ಕಲಾವಿದರು, ಮುಂದೆ ‘ಪಿಪ್ಪಿನ್’ನಲ್ಲಿ ಟೋನಿ ಗೆದ್ದದ್ದೂ ಬಾಬ್ ಫಾಸಿ ಅವರ ನಿರ್ದೇಶನ, ನೃತ್ಯ ಸಂಯೋಜನೆಯಲ್ಲಿ. ಬರೀ ಕಿವಿಯಿಂದ ಅವರನ್ನು ಆಂಡರ್ಸನ್ ಪಕ್ಕ ಇಟ್ಟು ತೂಗಿದರೆ ಅವರ ಅರ್ಧ ಕೆಲಸ ತಕ್ಕಡಿಯ ಹೊರಗೇ ಉಳಿಯುತ್ತದೆ. ಅದಕ್ಕೇ ನನ್ನ ಪಟ್ಟಿಯಲ್ಲಿ ಅವರಿಲ್ಲ.