ಲಕ್ಕಿ ಸೈಡಿನ ಗಾಳಿ

"ಆ ಸೈಡಿನ ದೆಸೆ ಛಲೋ ಇಲ್ರೀ, ದಕ್ಷಿಣಕ್ಕ ಮುಖ ಆಗತೈತಿ," ಅಂದರು ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿರುವ ಗೆಳೆಯರು. ಬ್ಯಾಡ್ಮಿಂಟನ್ ಪಂದ್ಯಕ್ಕೆ ಮುಂಚಿನ ವಾರ್ಮ್‌ಅಪ್‌ನಲ್ಲಿ ಆ ತುದಿಯಿಂದ ಅವರ ಮಗಳು ಎತ್ತರಕ್ಕೆ ಎತ್ತಿ ಹೊಡೆದ ಲಿಫ್ಟ್‌ಗಳೆಲ್ಲ ಎದುರಿನ ಕೋರ್ಟಿನ ಹಿಂಗೆರೆ, ಅಂದರೆ ಬೇಸ್‌ಲೈನ್, ದಾಟುತ್ತಿದ್ದವು. ಬೆಂಚಿನ ಕೆಳಗೆ ಆಗಲೇ ಒಂದು ಲಿಂಬೆಹಣ್ಣು ಇಟ್ಟಾಗಿತ್ತು. ನನಗೆ ಸಂಕಟವಾಯಿತು. ಹಳೇ ಶಟಲ್‌ನ ಗರಿಯಿಂದ ಒಂದು ಎಳೆ ಕಿತ್ತು ತಲೆಯೆತ್ತರದಿಂದ ಬಿಟ್ಟೆ. ಅದು ಮೆಲ್ಲಗೆ ತೇಲುತ್ತಾ ಎದುರಿನ ಕೋರ್ಟಿನತ್ತ ಹೊರಟಿತು.

ಶಟಲ್‌ಗೆ 16 ಗರಿ, ತೂಕ 5 ಗ್ರಾಂ ಆಸುಪಾಸು. 2023ರಲ್ಲಿ ನಮ್ಮ ದೇಶದ ಆಟಗಾರ ಸಾತ್ವಿಕ್‌ಸಾಯಿರಾಜ್ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ದಾಖಲೆ ಮಾಡಿದರು ನಿಜ. ಆದರೆ ಎಷ್ಟೇ ಬಿರುಸಾಗಿ ಹೊಡೆದರೂ ಗಾಳಿ ಅದನ್ನು ಕ್ಷಣದಲ್ಲಿ ತಡೆದು ಹಿಡಿಯುತ್ತದೆ. ಎತ್ತರದಿಂದ ಇಳಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 7 ಮೀಟರ್ ದಾಟದು. ರಾಶಿ ತೂರುವುದನ್ನು ನೆನೆಸಿಕೊಳ್ಳಿ: ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿ ಬೀಸಿದತ್ತ. ಶಟಲ್ ಹೊಟ್ಟಿನ ಜಾತಿ. ಹರಿಗೋಲಿನವನು ಎದುರು ದಡಕ್ಕೇ ನೇರ ಹುಟ್ಟು ಹಾಕಿದರೂ ಕೆಳಗಡೆ ಹೋಗಿ ಮುಟ್ಟುತ್ತಾನಲ್ಲ, ಹಾಗೇ ಇದು. ಕೆನ್ನೆಗೆ ತಾಗಿದ್ದೂ ಗೊತ್ತಾಗದ, ಸೆಕೆಂಡಿಗೆ 20 ಸೆಂಟಿಮೀಟರ್ ಸರಿಯುವ ಗಾಳಿ ಸಾಕು. ಎರಡು ಸೆಕೆಂಡಿನ ಲಿಫ್ಟ್ ಹೆಚ್ಚುಕಡಿಮೆ ಒಂದು ಅಡಿ ಆಚೆ ಬೀಳುತ್ತದೆ.

ಪುಣೆಗೆ ಇದು ಹಳೇ ಕಥೆ. 19ನೇ ಶತಮಾನದಲ್ಲಿ ಇಲ್ಲಿನ ದಂಡಿನ ಬ್ರಿಟಿಷರು ಬಯಲಲ್ಲಿ ಆಡುತ್ತಿದ್ದ ಈ ಆಟಕ್ಕೆ 'ಪೂನಾ' ಎಂದೇ ಹೆಸರಿತ್ತು. ಗಾಳಿಮಳೆಯ ದಿನ ಅವರು ಉಲ್ಲನ್ ಚೆಂಡು ಹಿಡಿಯುತ್ತಿದ್ದರು. ನಮ್ಮೂರ ಶಾಲೆಯ ಬಯಲಲ್ಲಿ ಇಂದಿಗೂ ಆಡುವ ಬಾಲ್ ಬ್ಯಾಡ್ಮಿಂಟನ್ನಿನ ಹಳದಿ ಚೆಂಡು 27ರಿಂದ 30 ಗ್ರಾಂ. ಅದು ಕಾಳಿನ ಜಾತಿ!

ಒಳಾಂಗಣಕ್ಕೆ ಬಂದರೆ ಗಾಳಿಯ ಕಾಟ ತಪ್ಪೀತೆಂದು ತೋರುತ್ತದೆ. ತಪ್ಪುವುದಿಲ್ಲ. 1994ರ ರಾಷ್ಟ್ರೀಯ ಕ್ರೀಡಾಕೂಟ, 2008ರ ಕಾಮನ್‌ವೆಲ್ತ್ ಯುವ ಕ್ರೀಡಾಕೂಟ ನಡೆದ ಪುಣೆಯ ಬಾಲೇವಾಡಿಯಂಥ ಕ್ರೀಡಾ ಸಂಕೀರ್ಣಗಳನ್ನು ಹಲವು ಆಟಗಳಿಗಾಗಿ ಕಟ್ಟುತ್ತಾರೆ. ಅಂತರರಾಷ್ಟ್ರೀಯ ವಾಲಿಬಾಲ್‌ಗೇ ನೆಲದಿಂದ 12.5 ಮೀಟರ್ ಅಡ್ಡಿಯಿಲ್ಲದ ಎತ್ತರ ಬೇಕು. ಅಷ್ಟು ಎತ್ತರದ ಸೂರಿನಡಿ ಗಾಳಿ ಸುತ್ತು ಹೊಡೆಯಲು ಜಾಗ ಬೇಕಾದಷ್ಟು. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈ ಸುಮಾರು 100 ವ್ಯಾಟ್ ಶಾಖ ಬಿಡುತ್ತದೆ. 3,000 ಜನ ಸೇರಿದರೆ 300 ಕಿಲೋವ್ಯಾಟ್. ಗ್ಯಾಲರಿಯ ಬಿಸಿಗಾಳಿ ಮೇಲೇರಿದಂತೆ ಕೋರ್ಟಿನ ಮೇಲಿನ ತಂಪುಗಾಳಿ ಅತ್ತ ಸರಿಯುತ್ತದೆ. ಎಸಿ ಬೇರೆ ತನ್ನ ದಿಕ್ಕಿನಿಂದ ನೂಕುತ್ತಿರುತ್ತದೆ. ಪ್ರತಿ ಗೇಮಿಗೆ ಸೈಡ್ ಬದಲಿಸುವುದು, ಮೂರನೆಯದರಲ್ಲಿ 11 ಅಂಕಕ್ಕೇ ಬದಲಿಸುವುದು ಇಬ್ಬರಿಗೂ ಈ ಕಷ್ಟ ಸಮನಾಗಿ ಹಂಚಲಿ ಎಂದೇ.

ಆ ತುದಿಯಿಂದ ಹೊಡೆಯುವಾಗ ಒಂದು ಅಡಿ ಒಳಗೆ ಗುರಿ ಇಡು ಎಂದೆ. ಹುಡುಗಿ ತಾನೇ ಇನ್ನೊಂದು ಎಳೆ ಕಿತ್ತು ಬಿಟ್ಟಳು. "ಕಾಕಾ, ಈಗ ಎಡಕ್ಕ ಹೊಂಟೈತಿ ನೋಡ್ರಿ!"

ಎಡಗಡೆ ಗ್ಯಾಲರಿಯಲ್ಲಿ ಜನ ತುಂಬತೊಡಗಿದ್ದರು.