ಪದ ಪರಿಚಯ: ಸಿಟ್‌ಡೌನ್ ಸ್ಟ್ರೈಕ್

ಕೆಲಸ ನಿಲ್ಲಿಸಿ, ಮನೆಗೂ ಹೋಗದೆ, ಕಾರ್ಖಾನೆಯ ಒಳಗೇ ಕೂತುಬಿಡುವುದು ಸಿಟ್‌ಡೌನ್ ಸ್ಟ್ರೈಕ್. ನಮ್ಮ ಧರಣಿಯಲ್ಲೂ ಕೂರುತ್ತಾರೆ, ಅಲ್ವಾ? ಆದರೆ ಧರಣಿ ಹೆಚ್ಚಾಗಿ ಗೇಟಿನ ಹೊರಗೆ. ಇಲ್ಲಿ ಗೇಟೇ ಕಾರ್ಮಿಕರ ಕೈಯಲ್ಲಿರುತ್ತದೆ. ಅದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದು ಅಮೆರಿಕದ ಮಾಂಸದ ಕಾರ್ಖಾನೆಗಳ ಚರಿತ್ರೆಯಲ್ಲಿ ಚೆನ್ನಾಗಿ ಕಾಣುತ್ತದೆ.

1904ರ ಜುಲೈ, ಷಿಕಾಗೊ. ಅತಿ ಕಡಿಮೆ ಕೂಲಿಯವರಿಗೆ ಗಂಟೆಗೆ 18.5 ಸೆಂಟ್ ಉಳಿಸಿಕೊಡಲು ನುರಿತ ಕಟುಕರೂ ಕೆಲಸ ಬಿಟ್ಟು ಹೊರಬಂದರು. ತಮಗಿಂತ ಕೆಳಗಿನವರಿಗಾಗಿ ಬೀದಿಗಿಳಿದದ್ದು ಸಣ್ಣ ಮಾತಲ್ಲ. ಆದರೂ ಸೋತರು. ಒಂದು ದನ ಕತ್ತರಿಸುವ ಕೆಲಸವನ್ನು ಕಂಪನಿಗಳು ನೂರಕ್ಕೂ ಜಾಸ್ತಿ ಕೈಗಳಿಗೆ ಹಂಚಿದ್ದವು. ಒಂದೊಂದು ಪಾಲನ್ನು ಹೊಸಬರು ಬೇಗ ಕಲಿಯಬಹುದಿತ್ತು. ಸಾವಿರಾರು ಜನರನ್ನು ಕರೆತಂದರು. ಬಂದವರೂ ಬಡವರೇ. ಅವರಲ್ಲಿ ಎಷ್ಟೋ ಮಂದಿ ಕಪ್ಪು ಜನ, ಅಲ್ಲಿಯವರೆಗೆ ಕಾರ್ಖಾನೆಗಳ ಬಾಗಿಲು ಅವರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಸೆಪ್ಟೆಂಬರಿಗೆ ಮುಷ್ಕರ ಮುಗಿಯಿತು.

1933ರ ನವೆಂಬರಿನಲ್ಲಿ ಮಿನ್ನೆಸೋಟದ ಆಸ್ಟಿನ್ ಊರಿನ ಹಾರ್ಮೆಲ್ ಕಾರ್ಖಾನೆಯ ಕಾರ್ಮಿಕರು ತಿರುವುಮುರುವು ಮಾಡಿದರು. ತಾವು ಒಳಗೆ ನುಗ್ಗಿ, ಮಾಲೀಕ ಜೇ ಹಾರ್ಮೆಲ್ ಅವರನ್ನೇ ಹೊರಗೆ ಕಳಿಸಿದರು. ಇನ್ನು ಬದಲಿ ಆಳನ್ನು ಎಲ್ಲಿ ನಿಲ್ಲಿಸುವುದು? ಅದರ ಮೇಲೆ, ಒಳಗೆ ಲಕ್ಷಗಟ್ಟಲೆ ಪೌಂಡ್ ಮಾಂಸ. ತಣ್ಣಗಿಡುವ ಯಂತ್ರ ನಿಂತರೆ ಎಲ್ಲವೂ ಕೊಳೆಯುತ್ತದೆ. ಬಟ್ಟೆ ಗಿರಣಿಯ ಮಾಲೀಕ ತಿಂಗಳು ಕಾಯಬಹುದು, ಮಾಂಸ ಕಾಯುವುದಿಲ್ಲ. ಗವರ್ನರ್ ಫ್ಲಾಯ್ಡ್ ಓಲ್ಸನ್ ತಾವೇ ಬಂದು ಸಂಧಾನಕ್ಕೆ ಕೂತರು. ಮೂರೇ ದಿನದಲ್ಲಿ ಬಿಕ್ಕಟ್ಟು ಬಗೆಹರಿಯಿತು. ಮೂರು ವರ್ಷದ ನಂತರ ಫ್ಲಿಂಟ್ ಊರಿನ ಕಾರು ಕಾರ್ಖಾನೆಗಳಲ್ಲಿ ನಡೆದದ್ದೂ ಇದೇ ಬಗೆಯ ಮುಷ್ಕರ.

1939ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೀಗೆ ಕಾರ್ಖಾನೆ ಹಿಡಿದು ಕೂತವರಿಗೆ ಕಾರ್ಮಿಕ ಕಾನೂನಿನ ರಕ್ಷಣೆ ಇಲ್ಲ ಎಂದಿತು. ಅವರನ್ನು ಕೆಲಸದಿಂದ ತೆಗೆಯಬಹುದು ಎಂದಾಯಿತು.

1984ರಲ್ಲಿ ಅದೇ ಆಸ್ಟಿನ್‌ನಲ್ಲಿ ಹಾರ್ಮೆಲ್ ಗಂಟೆಯ ಕೂಲಿಯನ್ನು 10.69 ಡಾಲರಿನಿಂದ 8.25ಕ್ಕೆ ಇಳಿಸಿತು. 1985ರ ಆಗಸ್ಟಿನಲ್ಲಿ ಸುಮಾರು 1,500 ಜನ ಮುಷ್ಕರ ಹೂಡಿದರು, ಈ ಸಲ ಗೇಟಿನ ಹೊರಗೆ ನಿಂತು. ಮರುವರ್ಷದ ಜನವರಿಯಲ್ಲಿ ಕಂಪನಿ ಹೊಸಬರನ್ನು ತೆಗೆದುಕೊಂಡು ಕೆಲಸ ಶುರು ಮಾಡಿತು. ಈ ಕಾಲದ ಗವರ್ನರ್ ನ್ಯಾಷನಲ್ ಗಾರ್ಡ್ ಪಡೆ ಕಳಿಸಿದರು. ಹೊರಗೆ ನಿಂತವರಲ್ಲಿ ನೂರಾರು ಜನರಿಗೆ ತಮ್ಮ ಕೆಲಸ ಮತ್ತೆ ಸಿಗಲಿಲ್ಲ.